ಗೇರ್ ಸೈಕಲ್ಲು, ಫಿಟ್ನೆಸ್ ವಾಚು, ನಮ್ಮ ಕಲಬುರಗಿ ಬಿಸಲು: ಒಂದು ಬ್ಯಾಸಗಿ ಒಂದು ಮಳಿಗಾಲ ಕಳದ ಮ್ಯಾಲಿನ ರಿವ್ಯೂ

ಮೊದಲ ಸ್ಟಾರ್ ಕೊಟ್ಟು ಮುಗಿಸ್ತೀನಿ, ಆಮ್ಯಾಲ ಕಾರಣ ಹೇಳ್ತೀನಿ. ಸೈಕಲ್ಲಿಗಿ 5ರಾಗ 4, ವಾಚಿಗಿ 3, ಸೈಕಲ್ ಮಾರಿದ ಅಂಗಡಿಗಿ 2, ನಮ್ಮ ಓಣಿ ತಿರುವಿನಾಗ ಪಂಚರ್ ತಿದ್ದೋ ಚಾಚಾಗ 5ಕ್ಕ 5. ಸೈಕಲ್ ಅಂದ್ರ ಹೈಬ್ರಿಡ್ (ರೇಸ್ ಸೈಕಲ್ಲಿಗೂ ದಪ್ಪ ಟೈರಿನ ಸೈಕಲ್ಲಿಗೂ ನಡುವಿನದು), 21 ಗೇರು, ಹಿಂದ ಮುಂದ ಡಿಸ್ಕ್ ಬ್ರೇಕು, ಸುಮಾರು 15 ಸಾವಿರದ್ದು. ವಾಚು ಸುಮಾರು 4 ಸಾವಿರದ್ದು, ಒಳಗೇ ಜಿಪಿಎಸ್ ಅದ, ಎದಿ ಬಡಿತ ತೋರಸ್ತದ, ನಿದ್ದಿ ಲೆಕ್ಕ ಇಡ್ತದ. ಕಂಪನಿ ಹೆಸರು ಬರಿಲಿಕ್ಕ ಹೋಗಂಗಿಲ್ಲ, ಈ ರೇಟಿನಾಗಿನ ಹೈಬ್ರಿಡ್ ಯಾವುದೇ ಕಂಪನಿದಿರಲಿ ಗೇರು ಬ್ರೇಕು ಗಾಲಿ ಎಲ್ಲಾ ಹೆಚ್ಚುಕಡಿಮಿ ಒಂದೇ ನಮೂನಿ ಸಾಮಾನು, ಮತ್ತ ವಾಚಿನ ಮಾಡೆಲ್ ಅಂತೂ ಆರು ತಿಂಗಳಿಗೊಮ್ಮಿ ಬದಲಾಗ್ತದ. ಹೆಸರಿಗಿಂತ ನಮ್ಮ ಊರಿನ ರೋಡು, ಧೂಳು, ಮುಳ್ಳು, ಬಿಸಲು ಇವುಗಳ ಮುಂದ ಇಂಥ ಸಾಮಾನು ಹ್ಯಾಂಗ ನಡೀತದ ಅನ್ನೋದು ಗೊತ್ತಾದ್ರ ತಗೊಳ್ಳೋರಿಗಿ ಉಪಯೋಗ. ಬೆಂಗಳೂರಿನವ್ರು ಮಾಡಿದ ವಿಡಿಯೋ ಎಷ್ಟು ನೋಡಿದ್ರೂ ಅದರಾಗ ಜಾಲಿ ಮುಳ್ಳಿನ ಮಾತೇ ಬರಂಗಿಲ್ಲ.

ತಗೊಂಡ ಕಾರಣ ಸಣ್ಣದಾಗಿ ಹೇಳ್ತೀನಿ. ನನಗ 43 ವರ್ಷ, ಸರ್ಕಾರಿ ನೌಕರಿ, ದಿನಾ ಕುಂತೇ ಇರೋ ಕೆಲಸ. ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದ್ರ ರಕ್ತದಾಗಿನ ಸಕ್ಕರಿ ಲೆಕ್ಕ, 6.1 ಬಂತು, 5.7ರಿಂದ 6.4ರ ತನಕ ಇದ್ರ ಶುಗರ್ ಬರೋ ದಾರಿಯೊಳಗ ಇದ್ದಂಗ ಅಂತ ಡಾಕ್ಟ್ರು ತಿಳಿಸಿ ಹೇಳಿದ್ರು, ಗುಳಿಗಿ ಬ್ಯಾಡ, ವಾರಕ್ಕ 150 ನಿಮಿಷ ಮೈ ಬೆವರಂಗ ಏನರ ಮಾಡ್ರಿ ಅಂದ್ರು. ವಿಶ್ವ ಆರೋಗ್ಯ ಸಂಸ್ಥೆನೂ ದೊಡ್ಡವ್ರಿಗಿ ಹೇಳೋದು ಇಷ್ಟೇ, ವಾರಕ್ಕ 150ರಿಂದ 300 ನಿಮಿಷ. ವಾಕಿಂಗ್ ಮಾಡಿದ್ರ ನನಗ ಮೊಣಕಾಲು ನೋವು, ಜಿಮ್ಮಿನಾಗ ಮುಚ್ಚಿದ ಖೋಲಿ ಸೇರಂಗಿಲ್ಲ, ಸೈಕಲ್ ಹೈಸ್ಕೂಲಿನಾಗಿಂದ ಬರ್ತದ. ಅದಕ್ಕ ಸೈಕಲ್.

ಅಂಗಡಿಗಿ ಹೋದ್ರ ಮೊದಲ ಕಣ್ಣಿಗಿ ಬೀಳೋದು ದಪ್ಪ ಟೈರಿನ ಎಂಟಿಬಿ (ಗುಡ್ಡದಾಗ ಓಡಿಸೋ ಸೈಕಲ್), ಮುಂದ ಶಾಕ್, ಬಣ್ಣ ಭಾಳ, ಹುಡುಗರು ಎಲ್ಲಾ ಅದನ್ನೇ ಕೇಳ್ತಾರ. ನನ್ನ ಮಾತು ಕೇಳ್ರಿ, ನಮ್ಮ ಊರಿಗಿ ಅದು ಬ್ಯಾಡ. ಕಲಬುರಗಿ ಸಪಾಟು ಊರು, ಗುಡ್ಡ ಇಲ್ಲ, ಘಾಟ್ ಇಲ್ಲ. ಆ ಸಸ್ತಾ ಶಾಕ್ ಒಂದೆರಡು ಕಿಲೋ ಭಾರ ಹೆಚ್ಚು ಮಾಡ್ತದ, ಪೈಡಲ್ ತುಳಿದಾಗ ನಮ್ಮ ಶಕ್ತಿ ಅದೇ ನುಂಗತದ, ಅಗಲ ಟೈರು ಡಾಂಬರ್ ಮ್ಯಾಲ ಝುಂಯ್ ಅಂತ ಸಪ್ಪಳ ಮಾಡಕೋತ ಜಡ ಎಳಿತದ. ಹೈಬ್ರಿಡ್ಡಿಗಿ 700ಸಿ ಅನ್ನೋ ದೊಡ್ಡ ಅಳತಿ ಗಾಲಿ, 35 ಎಂಎಂ ಟೈರು, ಶಾಕ್ ಇಲ್ಲದ ನೆಟ್ಟನ ಫೋರ್ಕು (ಮುಂದಿನ ಗಾಲಿ ಹಿಡದಿರೋ ಕವಲು). ಒಮ್ಮಿ ತುಳದ್ರ ದೂರ ಹೋಗ್ತದ, ಮತ್ತ ತಗ್ಗು ದಿಣ್ಣಿ ಬಂದ್ರೂ ತೀರಾ ಸಣ್ಣ ರೇಸ್ ಟೈರಿನಂಗ ಕೈ ಕುಲುಕಂಗಿಲ್ಲ. ಆದ್ರ ಹ್ಯಾಂಡಲ್ ಮ್ಯಾಲ ಕೈ ಬಿಗಿ ಹಿಡಿಬ್ಯಾಡ್ರಿ, ತಗ್ಗು ಬಂದಾಗ ಸೀಟಿನಿಂದ ಜರಾ ಎದ್ದು ಮೊಣಕೈ ಸಡಿಲ ಬಿಡ್ರಿ, ಬೆನ್ನಿಗಿ ಭಾಳ ಆರಾಮ.

ಗೇರಿನ ವಿಷಯ. 21 ಗೇರು ಅಂದ್ರ ಮುಂದ 3 ಚಕ್ರ ಹಿಂದ 7 ಚಕ್ರ, ಗುಣಿಸಿದ್ರ 21, ಅಷ್ಟೇ. ಖರೇ ಹೇಳ್ಬೇಕಂದ್ರ ನಾನು ಮುಂದಿನ ನಡುವಿನ ಚಕ್ರ ಬಿಟ್ಟು ಸರಿಯಂಗೇ ಇಲ್ಲ, ಹಿಂದಿನದ್ರಾಗ ನಾಕು ಗೇರು ಸಾಕಾಗ್ತಾವ. ಗೇರು ಗುಡ್ಡ ಏರ್ಲಿಕ್ಕ ಮಾತ್ರ ಅಂತ ತಿಳಕೊಂಡವ್ರಿಗಿ ಒಂದು ಮಾತು, ನಮ್ಮಲ್ಲಿ ಗುಡ್ಡದ ಕೆಲಸ ಗಾಳಿ ಮಾಡ್ತದ. ಜೂನಿನಿಂದ ಆಗಸ್ಟ್ ತನಕ ಪಡುವಣ ಗಾಳಿ ಎಷ್ಟು ಜೋರಂದ್ರ, ಸೇಡಂ ರೋಡ್ ಹಿಡದು ಮೂಡಣ ದಿಕ್ಕಿಗಿ ಹೊಂಟ್ರ ಸೈಕಲ್ ತಾನೇ ಓಡ್ತದ, ಮಂದಿ ಖುಷಿಲಿಂದ ದೂರ ದೂರ ಹೋಗ್ತಾರ, ತಿರುಗಿ ಬರೋಮುಂದ ಎದಿಗಿ ಗಾಳಿ ಬಡದು ಜೀವ ಸುಸ್ತಾಗ್ತದ. ಅದಕ್ಕ ಮಳಿಗಾಲದಾಗ ನಾನು ಅಫಜಲಪುರ ರೋಡ್ ಇಲ್ಲಾ ಆಳಂದ ರೋಡ್ ಹಿಡಿತೀನಿ, ಮೈಯಾಗ ಕಸುವು ಇದ್ದಾಗ ಗಾಳಿ ಎದುರು ಹೋಗೋದು, ದಣದಾಗ ಗಾಳಿ ಬೆನ್ನಿಗಿ ಹಾಕ್ಕೊಂಡು ಮನಿಗಿ ಬರೋದು. ಈ ಎದುರುಗಾಳಿಗೆ ಹಗುರ ಗೇರು ಬೇಕೇಬೇಕು. ಇನ್ನೊಂದು, ಮುಂದಿನ ದೊಡ್ಡ ಚಕ್ರ ಹಿಂದಿನ ದೊಡ್ಡ ಚಕ್ರ ಎರಡೂ ಕೂಡಿಸಿ ಹೊಡಿಬ್ಯಾಡ್ರಿ, ಚೈನ್ ಸೊಟ್ಟ ಎಳದು ಜಲ್ದಿ ಸವಿತದ, ಅಂಗಡಿಯವ್ರು ಯಾರೂ ಇದು ಹೇಳಂಗಿಲ್ಲ.

ಅಂಗಡಿಗಿ 2 ಸ್ಟಾರ್ ಯಾಕ ಅಂದ್ರ. ನನ್ನ ಎತ್ತರ 5 ಅಡಿ 2 ಇಂಚು. ನನಗ ಬೇಕಾದದ್ದು ಸಣ್ಣ ಫ್ರೇಮು, ಅವ್ರ ಕಡಿ ಇದ್ದದ್ದು ಮೀಡಿಯಂ. "ಸೀಟ್ ಕೆಳಗ ಮಾಡಿ ಕೊಡ್ತೀವಿ ತಗೋರಿ ಮೇಡಂ, ಎಲ್ಲಾರಿಗೂ ನಡಿತದ" ಅಂತ ಹಟ ಹಿಡದ್ರು. ಸೀಟ್ ಕೆಳಗ ಮಾಡಿದ್ರ ಕಾಲು ಮುಟ್ಟತಾವ ಖರೆ, ಆದ್ರ ಹ್ಯಾಂಡಲ್ ದೂರೇ ಉಳಿತದಲ್ರಿ, ಬಗ್ಗಿ ಬಗ್ಗಿ ಕುತ್ತಿಗಿ ನೋವು ಬರ್ತದ. ನಾನು ಸಣ್ಣ ಫ್ರೇಮೇ ಬೇಕು ಅಂತ ಕುಂತೆ, ಹೈದರಾಬಾದಿಂದ ತರಿಸ್ಲಾಕ ಎರಡು ವಾರ ಅಂದವ್ರು ಒಂದು ತಿಂಗಳ ಮ್ಯಾಲ ಮಾಡಿದ್ರು, ಫೋನ್ ಮಾಡಿದ್ರ ನಾಳಿ ನಾಡದು. ಬಂದ ಮ್ಯಾಲ ಜೋಡ್ಸೋದೂ ಅರ್ಧಂಬರ್ಧ. ಡಬ್ಬಿಯೊಳಗ ಸೈಕಲ್ ಬರೋಮುಂದ ಹ್ಯಾಂಡಲ್, ಮುಂದಿನ ಗಾಲಿ, ಪೈಡಲ್, ಸೀಟ್ ಬಿಚ್ಚಿರ್ತಾವ. ಎಡಗಡಿ ಪೈಡಲ್ಲಿನ ಮರಿ (ತಿರುವೋ ಗೆರಿ) ಉಲ್ಟಾ ಇರ್ತದ, ಎಲ್ಲಾ ಬೋಲ್ಟ್ ತಿರುವೋ ಕಡಿ ಅದನ್ನ ತಿರುವಿದ್ರ ಕೂಡಂಗಿಲ್ಲ, ಜಬರ್ದಸ್ತಿ ಮಾಡಿದ್ರ ಕ್ರ್ಯಾಂಕಿನ, ಅಂದ್ರ ಪೈಡಲ್ ಕೂಡೋ ಕಬ್ಬಣದ ತೋಳಿನ, ಮರಿನೇ ಕೆಡತದ. ಅಲ್ಲಿ ಕೆಲಸಕ್ಕಿದ್ದ ಹುಡುಗ ಪಾನಾ ಹಾಕಿ ಜೋರ್ ಕೊಡ್ಲಾಕ ಹತ್ತಿದಾಗ ನಾನೇ ಕೈ ಹಿಡದು ನಿಲ್ಲಿಸಿ, ಪೈಡಲ್ಲಿನ ತುದಿಗಿ ಎಲ್ ಅಂತ ಬರದದ್ದು ತೋರಿಸ್ಬೇಕಾಯ್ತು. ಅದೇ ಅಂಗಡಿಯೊಳಗ ಮಾರಾಟಕ್ಕ ನಿಂತ ಇನ್ನೊಂದು ಸೈಕಲ್ಲಿನ ಫೋರ್ಕ್ ಹಿಂದ ಮುಂದ ಆಗಿತ್ತು! ನೀವು ನೋಡೋದು ಸರಳ ಅದ, ಸೈಕಲ್ ಮ್ಯಾಲ ಕುಂತಾಗ ಮುಂದಿನ ಡಿಸ್ಕ್ ಬ್ರೇಕಿನ ಡಬ್ಬಿ ನಿಮ್ಮ ಎಡಗಡಿ, ಫೋರ್ಕಿನ ಹಿಂಭಾಗಕ್ಕ ಇರ್ಬೇಕು. ಬಲಗಡಿ ಮುಂದಕ್ಕ ಕಂಡ್ರ ಫೋರ್ಕ್ ತಿರುಗ್ಯಾದ ಅಂತ ಅರ್ಥ, ಓಡಿಸ್ಲಿಕ್ಕ ಹೋದ್ರ ಹ್ಯಾಂಡಲ್ ಹಿಡಿತಕ್ಕ ಸಿಗಂಗಿಲ್ಲ. ಮಕ್ಕಳಿಗಿ ಕೊಡಿಸೋರು ಇದನ್ನ ನೋಡದ ರೊಕ್ಕ ಕೊಡಬ್ಯಾಡ್ರಿ.

ಹಾಂ, ರೇಟಿನ ಬಗ್ಗಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮ್ಯಾಲಿನ ಜಿಎಸ್‌ಟಿ 12 ಪರ್ಸೆಂಟ್ ಇದ್ದದ್ದು 5 ಆಗ್ಯದ. ಬಿಲ್ ಕೇಳಿ ತಗೋರಿ, ಅದರಾಗ 5 ಅಂತ ಬರದದ್ದು ನೋಡ್ರಿ. ಬಿಲ್ ಇಲ್ಲದ ತಗೊಂಡ್ರ ಫ್ರೇಮಿನ ವಾರಂಟಿನೂ ಸಿಗಂಗಿಲ್ಲ.

ಈಗ ಚಾಚಾನ ಕಡಿ ಬರ್ತೀನಿ, ಇಲ್ಲಿ ಜರಾ ತಡಾ ಆಗ್ತದ. ನಮ್ಮ ಕಡಿ ರೋಡಿನ ಎರಡೂ ಬಾಜೂ ಬಳ್ಳಾರಿ ಜಾಲಿ ಬೆಳದು ನಿಂತದ, ಮಂದಿ ಅದನ್ನ ಉರವಲಿಗಿ ಕಡ್ಕೊಂಡು ಹೋಗೋಮುಂದ ಟೊಂಗಿ ರೋಡ್ ಮ್ಯಾಲೇ ಎಳದೊಯ್ತಾರ, ಮುಳ್ಳು ಡಾಂಬರ್ ಅಂಚಿಗಿ ಉದುರಿ ಬಿದ್ದಿರ್ತಾವ. ಸೈಕಲ್ ಹೊಡೆಯೋದೂ ಅದೇ ಅಂಚಿನಾಗ, ನಡುವ ಲಾರಿ ಬಿಡಂಗಿಲ್ಲ. ಮೊದಲನೇ ಸಲ ಹಿಂದಿನ ಗಾಲಿ ಹವಾ ಹೋದಾಗ ತಳ್ಳಿಕೋತ ಚಾಚಾನ ಹತ್ರ ಒಯ್ದೆ. ಚಾಚಾ ಟೈರ್ ಬಿಚ್ಚಿ ಟ್ಯೂಬಿಗಿ ಹವಾ ಹಾಕಿ ನೀರಿನ ಬುಟ್ಟಿಯೊಳಗ ಮುಣುಗಿಸಿ ಗುಳ್ಳಿ ಬರೋ ಜಾಗ ಹುಡುಕಿ ಪೆನ್ಸಿಲಿಲೇ ಗುರ್ತು ಹಾಕಿದ್ರು, ಅದು ಎಲ್ಲಾರೂ ಮಾಡ್ತಾರ. ಆಮ್ಯಾಲ ಮಾಡಿದ್ದು ನೋಡ್ರಿ. ಟ್ಯೂಬನ್ನ ಟೈರಿನ ಮ್ಯಾಲ ಮೊದಲಿದ್ದಂಗೇ ಹೊಂದಿಸಿ ಹಿಡದು, ತೂತು ಟೈರಿನ ಯಾವ ಜಾಗಕ್ಕ ಬರ್ತದ ಅಂತ ಲೆಕ್ಕ ಹಾಕಿದ್ರು, ಒಂದು ಹಳೇ ಬನಿಯನ್ ತುಂಡು ಟೈರಿನ ಒಳಗ ಸುತ್ತಲೂ ಎಳದ್ರು, ಅರಿವಿ ಒಂದು ಕಡಿ ಸಿಕ್ಕಿಬಿತ್ತು. ಹೊರಗಿಂದ ಏನೂ ಕಾಣಂಗಿಲ್ಲ. ಟೈರನ್ನ ಅಲ್ಲಿ ಮಡಚಿ ಹಿಡದು ಚಿಮಟಿಗಿಲೇ ಎಳದ್ರ ಕರೀ ಮುಳ್ಳಿನ ತುದಿ, ಅಕ್ಕಿ ಕಾಳಿನ ಅರ್ಧದಷ್ಟೂ ಇಲ್ಲ. "ನೋಡ್ರಿ ಬಾಯಿ, ಇದು ಒಳಗ ಉಳದ್ರ ನಾಳಿ ಮತ್ತ ಬರ್ತೀರಿ, ಪರಸೂ ಬರ್ತೀರಿ. ಪಂಚರ್ ಹಚ್ಚೋದು ಐದು ಮಿನಿಟ್, ಕಾಂಟಾ ಹುಡುಕೋದೇ ಕೆಲಸ" ಅಂದ್ರು. ಅಂಗಡಿಯವ್ರು ಸರ್ವೀಸ್ ಅಂತ ನೂರಾರು ರೂಪಾಯಿ ತಗೊಂಡು ಮಾಡದ ಕೆಲಸ ಇದು.

ಆದ್ರ ಚಾಚಾನ ಮಷೀನಿಗಿ ನನ್ನ ಸೈಕಲ್ಲಿಗಿ ಒಂದು ತಕರಾರು ಇತ್ತು. ನನ್ನ ಟ್ಯೂಬಿಗಿ ಪ್ರೆಸ್ಟಾ ವಾಲ್ವ್, ಸಪೂರ ಇರ್ತದ, ತುದಿಗಿ ಸಣ್ಣ ನಟ್ ಸಡಿಲ ಮಾಡಿ ಹವಾ ಹಾಕಬೇಕು. ಪಂಚರ್ ಅಂಗಡಿಯ ಹವಾ ಮಷೀನು ಇರೋದು ಮೋಟರ್ ಸೈಕಲ್ಲಿನ ದಪ್ಪ ವಾಲ್ವಿಗಿ, ಹಳೇ ಕರೀ ಸೈಕಲ್ಲಿನ ವಾಲ್ ಟ್ಯೂಬಿಗಿ ಕೈ ಪಂಪು, ಇದಕ್ಕ ಎರಡೂ ಕೂಡಂಗಿಲ್ಲ. ಇದಕ್ಕಂತ ಒಂದು ಹಿತ್ತಾಳಿ ತುಂಡು ಸಿಗ್ತದ, ಅಡಾಪ್ಟರ್ ಅಂತಾರ, ಬೆರಳ ತುದಿಯಷ್ಟು ಇರ್ತದ, ರೇಟು ನೂರು ರೂಪಾಯಿ ಒಳಗ. ಅದನ್ನ ವಾಲ್ವಿಗಿ ತಿರುವಿ ಇಟ್ರ ಯಾವ ಪೆಟ್ರೋಲ್ ಪಂಪಿನಾಗೂ ಹವಾ ಹಾಕಿಸಬಹುದು. ಹೈಬ್ರಿಡ್ ತಗೊಳ್ಳೋರು ಮೊದಲ ವಾಲ್ವ್ ನೋಡ್ರಿ, ಪ್ರೆಸ್ಟಾ ಇದ್ರ ಸೈಕಲ್ ಸಂಗಟೇ ಎರಡು ಅಡಾಪ್ಟರ್ ತಗೋರಿ, ಒಂದು ಬ್ಯಾಗಿನಾಗ ಒಂದು ಮನ್ಯಾಗ. ಮತ್ತ ಮನಿಗಿ ಒಂದು ನಿಂತು ಹೊಡೆಯೋ ಪಂಪು, ಮೀಟರ್ ಇದ್ದದ್ದೇ ಬೇಕು. ಟೈರಿನ ಬಾಜೂಕ ಎಷ್ಟು ಪಿಎಸ್‌ಐ (ಹವಾದ ಒತ್ತಡದ ಅಳತಿ) ಅಂತ ಬರದಿರ್ತದ, ನನ್ನದರ ಮ್ಯಾಲ 50ರಿಂದ 75 ಅದ. ಮೋಟರ್ ಸೈಕಲ್ಲಿಗಿ ಹಾಕಿದಂಗ 30 ಹಾಕಿ ಬಿಟ್ರ ತಗ್ಗಿನಾಗ ಬಿದ್ದಾಗ ಟ್ಯೂಬು ರಿಮ್ಮಿನ ನಡುವ ಸಿಕ್ಕು ಎರಡು ತೂತು ಬೀಳ್ತಾವ. ಹವಾ ಸರಿ ಇಡ್ಲಿಕ್ಕ ಹತ್ತಿದ ಮ್ಯಾಲ ನನಗ ಪಂಚರ್ ಅರ್ಧಕ್ಕರ್ಧ ಕಡಿಮಿ ಆಗ್ಯಾವ, ಟೈರಿನೊಳಗ ಪ್ಲಾಸ್ಟಿಕ್ ಪಟ್ಟಿ ಹಾಕಿಸಿದ ಮ್ಯಾಲ ಇನ್ನೂ ಕಡಿಮಿ.

ಬರೇ ಸೈಕಲ್ ತಗೊಂಡ್ರ ಮುಗಿಯಂಗಿಲ್ಲ. ಈ ಸೈಕಲ್ಲಿಗಿ ಮಡಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಬೆಲ್ ಇಲ್ಲ, ಚೈನ್ ಕವರ್ ಇಲ್ಲ, ಸ್ಟ್ಯಾಂಡ್ ಸೈತ ಬ್ಯಾರೆ ರೊಕ್ಕ. 2006-07ರಾಗ ಸರ್ಕಾರ ಎಂಟನೇ ಕ್ಲಾಸ್ ಮಕ್ಕಳಿಗಿ ಕೊಡ್ಲಿಕ್ಕ ಹತ್ತಿದ ಸೈಕಲ್ ನೆನಪದ ಇಲ್ಲ, ಅದಕ್ಕ ಮುಂದ ಬುಟ್ಟಿ, ಚೈನಿಗಿ ಕವರು, ಗಟ್ಟಿ ಮಡಗಾರ್ಡು ಎಲ್ಲಾ ಇತ್ತು, ನಮ್ಮ ಹಳ್ಳಿ ಕಡಿ ಎಷ್ಟೋ ಹುಡುಗಿಯರು ಆ ಸೈಕಲ್ ಮ್ಯಾಲೇ ಹೈಸ್ಕೂಲ್ ಮುಗಿಸ್ಯಾರ. 15 ಸಾವಿರದ ಸೈಕಲ್ಲಿಗಿ ಅಷ್ಟೂ ಕೊಡಂಗಿಲ್ಲಂದ್ರ ಸಿಟ್ಟು ಬರ್ತದ, ಅದಕ್ಕೇ ಒಂದು ಸ್ಟಾರ್ ಕಡದೀನಿ. ಹೆಣ್ಮಕ್ಕಳಿಗಿ ಚೈನ್ ಕವರ್ ಇಲ್ಲದ್ದು ಭಾಳ ತ್ರಾಸು. ಚೂಡಿದಾರ್ ಪ್ಯಾಂಟು ಬಿಗಿ ಇರಬೇಕು ಇಲ್ಲಾ ಬಲಗಾಲಿಗಿ ಪಟ್ಟಿ ಕಟ್ಟಬೇಕು, ಓಢಣಿ ಅಂತೂ ಹಾಕ್ಕೊಂಡು ಹೋಗಲೇಬಾರದು, ಹಿಂದಿನ ಗಾಲಿಗಿ ಸುತ್ತಿದ್ರ ಕುತ್ತಿಗಿಗಿ ಅಪಾಯ. ನಾನು ಉದ್ದ ಕುರ್ತಾದ ಮ್ಯಾಲ ಹಗುರ ಜಾಕೀಟ್ ಹಾಕ್ತೀನಿ, ಓಢಣಿ ಮಡಚಿ ಬ್ಯಾಗಿನಾಗ. ಹೆಲ್ಮೆಟ್, ಹಿಂದ ಕೆಂಪು ಮಿಣಮಿಣ ಲೈಟು ಇವೆರಡು ಸೈಕಲ್ ರೊಕ್ಕದಾಗೇ ಸೇರಿಸಿ ಲೆಕ್ಕ ಹಾಕ್ರಿ. ನಸುಕಿನ್ಯಾಗ ಸೇಡಂ ರೋಡಿನ ಮ್ಯಾಲ ಸಿಮೆಂಟ್ ಲಾರಿ ಓಡ್ತಾವ, ತೊಗರಿ ರಾಶಿ ಟೈಮಿನಾಗ ಚೀಲ ಹೇರಿದ ಟ್ರ್ಯಾಕ್ಟರಿಗಿ ಹಿಂದಿನ ಲೈಟೇ ಇರಂಗಿಲ್ಲ, ನಾವರ ಕಾಣಬೇಕು.

ಧೂಳಿನ ಬಗ್ಗಿ. ಚೈನಿಗಿ ಎಣ್ಣಿ ಹಾಕಿ ಒರಸದ ಬಿಟ್ರ ನಮ್ಮ ಧೂಳು ಕೂಡಿ ಎರಡು ದಿನದಾಗ ಕಾಡಿಗಿ ಹಂಗ ಆಗ್ತದ, ಅದೇ ಅರದು ಚೈನ್ ತಿಂತದ. ಹನಿ ಹನಿ ಹಾಕಿ, ಪೈಡಲ್ ಹಿಂದಕ್ಕ ತಿರುವಿ, ಹತ್ತು ಮಿನಿಟ್ ಬಿಟ್ಟು ಹಳೇ ಅರಿವಿಲೇ ಹೊರಗಿನ ಎಣ್ಣಿ ಪೂರಾ ಒರಸಿ ತೆಗೀರಿ, ಒಳಗ ಹೋದಷ್ಟೇ ಸಾಕು. ಮಳಿಯಾಗ ಎರಿ ಹೊಲದ ಕಚ್ಚಾ ದಾರಿಗಿ ಇಳಿಬ್ಯಾಡ್ರಿ, ಎರಿ ಮಣ್ಣು ಟೈರಿಗಿ ಮೆತ್ತಿಕೊಂಡು, ಮಡಗಾರ್ಡ್ ಹಾಕಿಸಿದ್ರ ಅದರೊಳಗ ತುಂಬಿ, ಗಾಲಿ ನಿಂತೇಬಿಡ್ತದ, ಕಟಿಗಿಲೇ ಕೆರೆದು ತೆಗಿಬೇಕಾಗ್ತದ. ಡಿಸ್ಕ್ ಬ್ರೇಕು ಮಾತ್ರ ಮಳಿಯಾಗ ಚಲೋ ಹಿಡಿತದ, ಅದಕ್ಕ ಪೂರಾ ಮಾರ್ಕು.

ವಾಚಿನ ಕಡಿ ಬರೋಣು. ವಾಚಿನ ಕೆಳಗ ಹಸರು ಲೈಟು ಮಿಣುಕತದಲ್ರಿ, ರಕ್ತ ಹಸರು ಬೆಳಕು ಹೀರ್ತದ, ಎದಿ ಬಡದಂಗ ರಕ್ತ ಹೆಚ್ಚು ಕಡಿಮಿ ಆದಾಗ ತಿರುಗಿ ಬರೋ ಬೆಳಕೂ ಹೆಚ್ಚು ಕಡಿಮಿ ಆಗ್ತದ, ಅದನ್ನ ಎಣಿಸಿ ಬಡಿತ ತೋರಸ್ತದ. ಕುಂತಾಗ, ಮಲಗಿದಾಗ ಭಾಳ ಛಂದ ತೋರಸ್ತದ. ಸೈಕಲ್ ಮ್ಯಾಲ ಹ್ಯಾಂಡಲ್ ಹಿಡದು ಮಣಿಕಟ್ಟು ಮಡಚಿದ್ರ ವಾಚು ಚರ್ಮದಿಂದ ಎದ್ದು ನಡುವ ಹೊರಗಿನ ಬೆಳಕು ನುಗ್ಗತದ, ಮ್ಯಾಲ ರೋಡಿನ ಕುಲುಕಾಟ, ಅದಕ್ಕ ತಪ್ಪು ತೋರಸ್ತದ. ಬುದ್ಧ ವಿಹಾರದ ಗೇಟಿನ ಮುಂದ ನಿಂತು ತಪಾಸ ಮಾಡಿ ನೋಡ್ದೆ, ವಾಚು 96 ತೋರಿಸ್ಲಾಕ ಹತ್ತಿತ್ತು, ಕುತ್ತಿಗಿ ಬಾಜೂಕ ಬೆರಳಿಟ್ಟು 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿದ್ರ 132. ಇಷ್ಟು ಫರಕ್! ಹೆಣ್ಮಕ್ಕಳಿಗಿ ಇನ್ನೊಂದು ಕಾರಣ ಅದ, ಬಳಿ. ಬಳಿ ಇದ್ದ ಕೈಗಿ ವಾಚು ಕಟ್ಟಿದ್ರ ಬಳಿ ಬಡಬಡದು ವಾಚು ಸರಿತದ, ಲೈಟಿನ ಮ್ಯಾಲಿನ ಹಿಡಿತ ಹೋಗ್ತದ. ಈಗ ನಾನು ಸೈಕಲ್ ಹೊಡೆಯೋಮುಂದ ವಾಚು ಬಳಿ ಇಲ್ಲದ ಬಲಗೈಗಿ ಕಟ್ತೀನಿ, ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಮ್ಯಾಲ, ಬಿಗಿಯಾಗಿ. ಆ್ಯಪಿನಾಗ ಬಲಗೈ ಅಂತ ಬದಲಾಯಿಸಬೇಕು. ಹಿಂಗ ಕಟ್ಟಿದ ಮ್ಯಾಲ ಬೆರಳ ಎಣಿಕಿಗೂ ವಾಚಿಗೂ ನಾಕೈದರ ಫರಕ್ ಅಷ್ಟೇ. ತೀರಾ ಕರಾರುವಾಕ್ಕು ಬೇಕು ಅನ್ನೋರು ಎದಿಗಿ ಕಟ್ಟೋ ಪಟ್ಟಿ ತಗೋರಿ, ಅದು ಬೆಳಕಿನ ಮ್ಯಾಲಲ್ಲ, ಎದಿಯ ವಿದ್ಯುತ್ ಸಂಕೇತ ಹಿಡದು ಎಣಿಸ್ತದ.

ಬಡಿತ ಎಷ್ಟಿರ್ಬೇಕು ಅಂತ ಭಾಳ ಮಂದಿ ಕೇಳ್ತಾರ. ಅಂದಾಜು ಲೆಕ್ಕ, 220ರಾಗ ವಯಸ್ಸು ಕಳದ್ರ ಹೆಚ್ಚಂದ್ರ ಎಷ್ಟು ಬಡಿತ ಅನ್ನೋದು ಬರ್ತದ, ನನಗ 177. ಅದರ 64ರಿಂದ 76 ಪರ್ಸೆಂಟ್ ಅಂದ್ರ ಮಧ್ಯಮ ವ್ಯಾಯಾಮ, ನನ್ನ ಲೆಕ್ಕದಾಗ 113ರಿಂದ 135. ಇದು ಎಲ್ಲಾರಿಗೂ ಒಂದೇ ನಮೂನಿ ಕೂಡೋದಲ್ಲ, ಬಿಪಿ ಗುಳಿಗಿ ತಗೊಳ್ಳೋರಿಗಿ ಅದರಾಗಿನ ಕೆಲವು ಗುಳಿಗಿಗಳು ಬಡಿತನೇ ಕಡಿಮಿ ಮಾಡ್ತಾವ, ಅವ್ರು ಡಾಕ್ಟ್ರನ್ನ ಕೇಳೇ ಹೋಗ್ಬೇಕು. ವಾಚೇ ಇಲ್ಲದ ಗೊತ್ತು ಮಾಡ್ಕೊಳ್ಳೋದು ಹ್ಯಾಂಗಂದ್ರ, ಸೈಕಲ್ ತುಳಿಕೋತ ಸಂಗಟ ಇದ್ದವ್ರ ಜೋಡಿ ಮಾತಾಡ್ಲಿಕ್ಕ ಬರ್ಬೇಕು, ಹಾಡ್ಲಿಕ್ಕ ಬರಬಾರದು. ನಾನೂ ನನ್ನ ಗೆಳತಿನೂ ಆಫೀಸಿನ ಸುದ್ದಿ ಎಲ್ಲಾ ಆ ಟೈಮಿನಾಗೇ ಮಾತಾಡಿ ಮುಗಿಸ್ತೀವಿ.

ಸ್ಟೆಪ್ಸ್ ಅಂತ ವಾಚು ದಿನಾ 10 ಸಾವಿರ ಕೇಳ್ತದ. ಆ 10 ಸಾವಿರ ಅನ್ನೋ ನಂಬರ್ 1965ರ ಹೊತ್ತಿಗಿ ಜಪಾನಿನಾಗ ಮಾರಾಟಕ್ಕ ಬಂದ ಹೆಜ್ಜಿ ಎಣಿಸೋ ಮಷೀನಿನಿಂದ ಬಂದದ್ದು, ಡಾಕ್ಟ್ರು ಕೂತು ಗೊತ್ತು ಮಾಡಿದ್ದಲ್ಲ. ಸೈಕಲ್ ತುಳದವ್ರಿಗಿ ಅದು ಮತ್ತೂ ಅನ್ಯಾಯ, ಒಂದು ತಾಸು ಬೆವರು ಸುರಿಸಿ ಬಂದ್ರೂ ಕೈ ಅಲುಗಾಡಿಲ್ಲ ಅಂತ ಹೆಜ್ಜಿ ಕೊಡಂಗಿಲ್ಲ, ತಗ್ಗಿನ ರೋಡಿನಾಗ ಹೋದ್ರ ಕುಲುಕಾಟಕ್ಕ ಸುಮ್ಮಸುಮ್ಮನ ಕೊಡ್ತದ. ನಾನು ಆ ಗುರಿ ಬಂದ್ ಮಾಡಿ ವಾರದ ನಿಮಿಷದ ಗುರಿ ಇಟ್ಟೀನಿ. ಕ್ಯಾಲರಿ ಲೆಕ್ಕನೂ ನಂಬಬ್ಯಾಡ್ರಿ, ಕೈ ಮ್ಯಾಲಿನ ಯಾವ ವಾಚೂ ಕ್ಯಾಲರಿ ಸರಿ ಹೇಳಂಗಿಲ್ಲ, ಅದು ತೋರಿಸಿದಷ್ಟು ಕರಗ್ಯಾದ ಅಂತ ಬಂದು ನಮ್ಮ ಊರಿನ ಸೂಪರ್ ಮಾರ್ಕೆಟ್ ಬಜಾರಿನಾಗ ಮಿರ್ಚಿ ಭಜಿ ತಿಂದ್ರ ತುಳದದ್ದು ದಂಡ. ಬಿಪಿ ತೋರಸ್ತೀವಿ ಅನ್ನೋ ವಾಚೂ ಬರ್ತಾವ, ಬಿಪಿಗಿ ತೋಳಿಗಿ ಕಟ್ಟೋ ಮಷೀನೇ ಬೇಕು.

ಹಂಗಾದ್ರ ವಾಚು ಯಾಕ ಅಂತೀರಿ? ಒಂದೇ ನಂಬರಿಗಿ. ಮುಂಜಾನಿ ಎದ್ದ ಕೂಡ್ಲೇ ತೋರಿಸೋ ಸುಮ್ಮ ಕುಂತಾಗಿನ ಬಡಿತ. ಅದನ್ನ ವಾಚು ರಾತ್ರಿ ಎಲ್ಲಾ ಅಳದು ಸರಾಸರಿ ತೆಗಿತದ, ಅಲ್ಲಿ ಕುಲುಕಾಟ ಇಲ್ಲ ಬಿಸಲು ಇಲ್ಲ, ಅದಕ್ಕ ನಂಬಬಹುದು. ನನಗ ಮೊದಲ 80ರ ಮ್ಯಾಲ ಇರ್ತಿತ್ತು, ಬರಬರತ 72ರ ಆಸುಪಾಸು ಬಂದದ. ನಡುವ ಒಂದು ವಾರ ಏಕದಂ ಮ್ಯಾಲ ಹೋಯ್ತು, ಎರಡು ದಿನದ ಮ್ಯಾಲ ಜ್ವರ ಬಂತು. ಆವತ್ತಿನಿಂದ ಆ ನಂಬರ್ ಎದ್ದು ಕುಂತ್ರ ಸೈಕಲ್ ಮನ್ಯಾಗೇ ಬಿಡ್ತೀನಿ. ಎಚ್‌ಬಿಎ1ಸಿ ಮೂರು ತಿಂಗಳ ಸರಾಸರಿ ಹೇಳೋ ಪರೀಕ್ಷೆ, ಮೊನ್ನಿ ಮಾಡಿಸಿದ್ರ 5.8. ಸೈಕಲ್ ಒಂದೇ ಮಾಡ್ತು ಅಂತ ಹೇಳಂಗಿಲ್ಲ, ರಾತ್ರಿ ಅನ್ನ ಬಿಟ್ಟು ಜ್ವಾಳದ ರೊಟ್ಟಿ ಎರಡಕ್ಕ ಇಳದೀನಿ, ಚಹಾದಾಗ ಸಕ್ಕರಿ ಬಿಟ್ಟೀನಿ. ಆದ್ರ ರಿಪೋರ್ಟ್ ಕೈಯಾಗ ಹಿಡದಾಗ ಕಣ್ಣಾಗ ನೀರು ಬಂದ್ವು, ನಮ್ಮ ಅವ್ವ ಶುಗರಿಲೇ ಎಷ್ಟು ಅನುಭವಿಸ್ಯಾಳ ಅಂತ ನೋಡೀನಿ ನಾನು.

ಜಿಪಿಎಸ್ ನಮ್ಮಲ್ಲಿ ಮಸ್ತ್ ಹಿಡಿತದ, ಎತ್ತರ ಬಿಲ್ಡಿಂಗ್ ಇಲ್ಲ, ದಟ್ಟ ಗಿಡ ಇಲ್ಲ, ಬಯಲು. ಹೊರಗ ನಿಂತು ಅರ್ಧ ಮಿನಿಟ್ ಸಿಗ್ನಲ್ ಹಿಡಿಲಿಕ್ಕ ಬಿಟ್ಟೇ ಶುರು ಮಾಡ್ರಿ. ನಾನು ವಾಚಿನ ಲೆಕ್ಕ ಸ್ಟ್ರಾವಾ ಅನ್ನೋ ಆ್ಯಪಿಗಿ ಜೋಡಿಸೀನಿ, ಫ್ರೀ ಅಕೌಂಟಿನಾಗೇ ಓಡಿದ ದಾರಿ, ದೂರ, ಟೈಮು ಎಲ್ಲಾ ಬರ್ತದ, ರೊಕ್ಕ ಕಟ್ಟೋ ಜರೂರತ್ತಿಲ್ಲ. ಒಂದು ಸೆಟ್ಟಿಂಗ್ ಮಾತ್ರ ಮೊದಲನೇ ದಿನಾನೇ ಮಾಡ್ರಿ, ವಿಶೇಷ ಹೆಣ್ಮಕ್ಕಳು. ಮನಿ ಸುತ್ತಲಿನ ನಕ್ಷೆ ಮುಚ್ಚೋ ಸೆಟ್ಟಿಂಗ್ ಅದ, ಇಲ್ಲಂದ್ರ ದಿನಾ ಎಷ್ಟು ಗಂಟೆಗಿ ಯಾವ ಮನಿಯಿಂದ ಹೊಂಡ್ತೀರಿ ಅಂತ ಕಂಡವ್ರಿಗೆಲ್ಲಾ ಕಾಣತದ. ಮನಿಯವ್ರಿಗಿ ವಾಟ್ಸಾಪಿನ ಲೈವ್ ಲೊಕೇಶನ್ ಒಂದು ತಾಸಿಗಿ ಹಾಕಿ ಹೊಂಡ್ತೀನಿ, ಅವ್ರಿಗೂ ಧೈರ್ಯ ನನಗೂ ಧೈರ್ಯ.

ಬ್ಯಾಟರಿ ಹತ್ತು ದಿನ ಅಂತ ಡಬ್ಬಿ ಮ್ಯಾಲ ಬರದದ, ದಿನಾ ಜಿಪಿಎಸ್ ಹಚ್ಚಿದ್ರ ನಾಕು ದಿನಕ್ಕ ಚಾರ್ಜಿಗಿ ಹಾಕಬೇಕು. ಇದಕ್ಕ ಒಂದು ಸ್ಟಾರ್ ಕಡದೀನಿ, ಬಡಿತದ ತಪ್ಪಿಗಿ ಇನ್ನೊಂದು.

ಬ್ಯಾಸಗಿ. ನಮ್ಮ ಊರಾಗ ಮೇ ತಿಂಗಳು 42, 43 ಡಿಗ್ರಿ ಅಂದ್ರ ಹೊಸ ಸುದ್ದಿ ಅಲ್ಲ. ಏಪ್ರಿಲ್ ಮೇದಾಗ ನಮ್ಮ ವಿಭಾಗದ ಸರ್ಕಾರಿ ಆಫೀಸು ಮುಂಜಾನಿ 8ರಿಂದ ಮಧ್ಯಾಹ್ನ 1:30 ಆಗ್ತದ, ಅಂದ್ರ ಮುಂಜಾನಿ ಟೈಮೂ ಕಡಿಮಿ. ಸೂರ್ಯ ಹುಟ್ಟೋದು ಪೌಣೇ ಆರರ ಸುಮಾರಿಗಿ, ನಾವು ಐದೂಕಾಲಕ್ಕ ಹೊಂಟು ಆರೂವರಿಯೊಳಗ ಮನಿ. ಹೊಂಡೋಕಿಂತ ಮೊದಲ ಒಂದು ಗ್ಲಾಸು ನೀರು, ಬಾಟಲಿಯೊಳಗ ಲಿಂಬಿ ಉಪ್ಪು ಹಾಕಿದ ನೀರು, ಬಂದ ಮ್ಯಾಲ ಮಜ್ಜಿಗಿ. ಸಂಜಿಮುಂದ ಹೋಗಬ್ಯಾಡ್ರಿ, ಏಳು ಗಂಟೆಗೂ ಡಾಂಬರಿನಿಂದ ಝಳ ಹೊಡಿತದ. ಬ್ಯಾಸಗಿಯಾಗ ಅದೇ ಸ್ಪೀಡಿಗಿ ಬಡಿತ ಹತ್ತು ಹೆಚ್ಚು ತೋರಿಸಿದ್ರ ಗಾಬರಿ ಬ್ಯಾಡ, ಮೈ ತಂಪು ಮಾಡ್ಲಿಕ್ಕ ಎದಿ ಹೆಚ್ಚು ದುಡಿತದ, ಸ್ಪೀಡ್ ಕಡಿಮಿ ಮಾಡ್ರಿ. ವಾಚು ಸೈಕಲ್ ಎರಡೂ ಬಿಸಲಾಗ ಬಿಡಬ್ಯಾಡ್ರಿ, ವಾಚಿನ ಬ್ಯಾಟರಿ ಹಾಳಾಗ್ತದ.

ದಾರಿ ಕೇಳಿದವ್ರಿಗಿ. ಹೊಸದಾಗಿ ಶುರು ಮಾಡೋರು ಕೋಟೆ ಸುತ್ತಲಿಂದ ಶುರು ಮಾಡ್ರಿ, ಐತವಾರ ಮುಂಜಾನಿ ಗಾಡಿ ಕಡಿಮಿ, ಒಳಗ 1367ರ ಜಾಮಿ ಮಸೀದಿ ಅದ, ನಡುವ ಬಯಲು ಅಂಗಳ ಬಿಡದ ಪೂರಾ ಗುಮ್ಮಟದ ಚಾವಣಿ ಹಾಕಿದ್ದು, ಬಿಸಲಿನ ಊರಿಗಿ ಎಷ್ಟು ತಿಳದು ಕಟ್ಯಾರ ಅನಸ್ತದ. ರೂಢಿ ಆದವ್ರಿಗಿ ಸೇಡಂ ರೋಡು, ಯುನಿವರ್ಸಿಟಿ, ಬುದ್ಧ ವಿಹಾರ, ಇನ್ನೂ ಮುಂದ 2019ರಾಗ ಶುರುವಾದ ವಿಮಾನ ನಿಲ್ದಾಣದ ಕಡಿ. ನಾಯಿ ಬೆನ್ನು ಹತ್ತಿದ್ರ ಜೋರು ತುಳಿಬ್ಯಾಡ್ರಿ, ಇಳದು ಸೈಕಲ್ ನಡುವ ಇಟ್ಟು ನಿಂತ್ರ ತಾವೇ ಹೋಗ್ತಾವ. ಚುಡಾಯಿಸೋ ಹುಡುಗರು ಮೊದಲ ಮೊದಲ ಇದ್ರು, ಈಗ ಅದೇ ದಾರಿಯಾಗ ವಾಕಿಂಗ್ ಬರೋ ಹಿರಿಯರು ನಮಸ್ಕಾರ ಹೇಳ್ತಾರ, "ಇವತ್ತ ಲೇಟಾಯ್ತಲ್ಲವ್ವಾ" ಅಂತ ಕೇಳ್ತಾರ.

ಯಾದಗಿರಿಯಾಗಿರೋ ನನ್ನ ತಂಗಿನೂ ಸೈಕಲ್ ತಗೋತೀನಿ ಅಂದಾಳ. ಅಕಿಗಿ ಈ ಹೈಬ್ರಿಡ್ ಬ್ಯಾಡ ಅಂತ ಹೇಳೀನಿ. ಅಕಿ ಸೀರಿ ಉಡ್ತಾಳ, ಸಾಲಿಗಿ ಹೋಗಿ ಬರೋದು ಮೂರು ಕಿಲೋಮೀಟರ್, ಸಂತಿ ಚೀಲ ಹೇರಬೇಕು. ಅಂಥವ್ರಿಗಿ ನಡುವಿನ ಪೈಪ್ ಕೆಳಗ ಬಾಗಿದ ಲೇಡೀಸ್ ಸೈಕಲ್ಲು, ಚೈನ್ ಕವರ್, ಕ್ಯಾರಿಯರ್, ದಪ್ಪ ವಾಲ್ವು, ಗೇರ್ ಇಲ್ಲದಿದ್ರೂ ನಡಿತದ, ಐದಾರು ಸಾವಿರದಾಗ ಬರ್ತದ. ಉಳದ ರೊಕ್ಕದಾಗ ಹೆಲ್ಮೆಟ್ ಮತ್ತ ಪಂಪು. ವಾಚು ಆಮ್ಯಾಲ ನೋಡೋಣು ಅಂದೀನಿ, ಮೊದಲ ಆರು ತಿಂಗಳು ಮುಂಜಾನಿ ಎದ್ದ ಕೂಡ್ಲೇ ಗೋಡಿ ಗಡಿಯಾರ ನೋಡ್ಕೋತ ಬೆರಳಿಲೇ ಬಡಿತ ಎಣಿಸಿ ಕ್ಯಾಲೆಂಡರಿನ ಮ್ಯಾಲ ಬರಿ ಅಂತ ಹೇಳೀನಿ. ಯಾದಗಿರಿ ಸ್ಟೇಷನ್ ಕಡಿ ಚಲೋ ಸೈಕಲ್ ಮಿಸ್ತ್ರಿ ಯಾರರ ಗೊತ್ತಿದ್ರ ಕೆಳಗ ಬರೀರಿ, ಅಂಗಡಿಗಿಂತ ಮೊದಲ ಮಿಸ್ತ್ರಿನ ನೋಡ್ಬೇಕು ನಾವು.